ಕಾಲರ್ ಹಾಕಿದ ಮೇಲೆ ಉಸಿರು ಕಟ್ಟುವುದೇಕೆ?

ಬೈಕಿನಿಂದ ಬಿದ್ದ ನಿಮ್ಮ ಅಣ್ಣನಿಗೆ ಕುತ್ತಿಗೆಗೆ ಕಾಲರ್ ಹಾಕಿ, ಹಲಗೆಗೆ ಕಟ್ಟಿ ಮಲಗಿಸಿದ್ದರು. ಅವರು "ಉಸಿರು ಕಟ್ತಾ ಇದೆ, ಬಿಚ್ಚಿ" ಅಂತ ಗೋಗರೆದರೂ ಯಾರೂ ಬಿಚ್ಚಲಿಲ್ಲ. ಅದು ಕಾಲರ್‌ನಿಂದಲೇ ಆಯಿತಾ, ನೀವೇ ಸಡಿಲಿಸಬೇಕಿತ್ತಾ ಅಂತ ಕೇಳಿದ್ದೀರಿ.

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್. ಈ ಮಾತು ನಮಗೆ ಹೊಸದಲ್ಲ. ಎಲ್ಲರಿಗೂ ಕಾಲರ್ ಮೇಲೇ ಅನುಮಾನ. ನಾನು ಮೊದಲು ಕೈಹಾಕಿ ನೋಡುವುದು ಎದೆಯ ಮೇಲಿನ ಬೆಲ್ಟ್‌ಗೆ. ಉಸಿರೆಳೆದಾಗ ಪಕ್ಕೆಲುಬುಗಳು ಮೇಲೇಳಬೇಕು, ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಬೇಕು. ಬೆಲ್ಟ್ ಪಕ್ಕೆಲುಬನ್ನು ಏಳಗೊಡುವುದಿಲ್ಲ; ಅಂಗಾತ ಮಲಗಿಸಿದರೆ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ಒತ್ತುತ್ತದೆ. 1999ರ ಒಂದು ಅಧ್ಯಯನದಲ್ಲಿ ಹೀಗೆ ಕಟ್ಟಿ ಮಲಗಿಸಿದ ಆರೋಗ್ಯವಂತರಲ್ಲೇ ಉಸಿರಾಟದ ಸಾಮರ್ಥ್ಯ ಸರಾಸರಿ ಶೇ. 15ರಷ್ಟು ಕುಗ್ಗಿತ್ತು. ಪಕ್ಕೆಲುಬು ಮುರಿದವರು, ಅಸ್ತಮಾ ಇರುವವರು, ದಪ್ಪ ಮೈಯವರು ಅಷ್ಟನ್ನೂ ತಡೆದುಕೊಳ್ಳಲಾರರು. ಒಮ್ಮೆ ಒಬ್ಬರು ಎರಡೆರಡೇ ಪದ ಆಡಿ ನಿಲ್ಲಿಸುತ್ತಿದ್ದರು. ಬೆಲ್ಟ್ ಕೆಳಗೆ ನನ್ನ ಬೆರಳೂ ತೂರಲಿಲ್ಲ. ಅಂಗೈ ಹಿಡಿಸುವಷ್ಟು ಸಡಿಲಿಸಿದೆ. "ನನ್ನ ಚಪ್ಪಲಿ ಎಲ್ಲಿ ಬಿತ್ತೋ ಯಾರಾದ್ರೂ ನೋಡಿದ್ರಾ?" ಅಂತ ಒಂದೇ ಉಸಿರಿಗೆ ಕೇಳಿದರು.

ಹಾಗಂತ ಕಾಲರ್ ಏನೂ ಮಾಡುವುದಿಲ್ಲ ಅಂತಲ್ಲ. ಅದು ಗದ್ದವನ್ನು ಹಿಡಿದುಕೊಳ್ಳುವುದರಿಂದ ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ನನಗೆ ನಿಜವಾಗಿ ಭಯವಿರುವುದು ವಾಂತಿಯದು. ತಲೆ ಹೊರಳಿಸಲಾಗದವರು, ಅದರಲ್ಲೂ ಅರೆಪ್ರಜ್ಞೆಯಲ್ಲಿರುವವರು ವಾಂತಿ ಮಾಡಿಕೊಂಡರೆ ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಆಗ ಒಬ್ಬರು ತಲೆ ಹಿಡಿದು ಎಣಿಸುತ್ತಾರೆ, ಉಳಿದವರು ಭುಜ, ಸೊಂಟ, ಕಾಲು ಹಿಡಿದು ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಪಕ್ಕಕ್ಕೆ ಹೊರಳಿಸುತ್ತಾರೆ. ಗಂಟಲಿಗೆ ಟ್ಯೂಬ್ ಹಾಕುವಾಗ ವೈದ್ಯರು ಕಾಲರ್‌ನ ಮುಂಭಾಗ ಬಿಚ್ಚಿಸುತ್ತಾರೆ, ಇನ್ನೊಬ್ಬರು ಎರಡೂ ಕೈಯಿಂದ ತಲೆ ಅಲುಗದಂತೆ ಹಿಡಿದಿರುತ್ತಾರೆ. ಕುತ್ತಿಗೆಯೊಳಗೆ ರಕ್ತ ತುಂಬಿ ಊದಿದರೂ ಕಾಲರ್ ಅದನ್ನು ಮುಚ್ಚಿಡುತ್ತದೆ, ಅದಕ್ಕೇ ನಾವು ಆಗಾಗ ತೆರೆದು ನೋಡುವುದು.

ಇನ್ನೊಂದು ಸಾಧ್ಯತೆ ಇದೆ, ಬಿಚ್ಚದೇ ಇದ್ದದ್ದು ಬಹುಶಃ ಇದಕ್ಕೇ. ವಪೆಯ ನರ ಹೊರಡುವುದು ಕುತ್ತಿಗೆಯಲ್ಲಿ ಬೆನ್ನುಹುರಿಯ 3, 4, 5ನೇ ಮಟ್ಟದಿಂದ. ಅದಕ್ಕಿಂತ ಕೆಳಗೆ ಪೆಟ್ಟಾಗಿದ್ದರೆ ವಪೆ ಉಳಿಯುತ್ತದೆ, ಪಕ್ಕೆಲುಬಿನ ಸ್ನಾಯು ಕೈಕೊಡುತ್ತದೆ: ಉಸಿರೆಳೆದಾಗ ಹೊಟ್ಟೆ ಉಬ್ಬುತ್ತದೆ, ಎದೆ ಒಳಕ್ಕೆ ಕುಸಿಯುತ್ತದೆ. ಅಂಥವರಿಗೆ ಉಸಿರು ಕಟ್ಟುವುದು ಪೆಟ್ಟಿನಿಂದಲೇ. ಅವರನ್ನು ಎಬ್ಬಿಸಿ ಕೂರಿಸಿದರೆ ಸಲೀಸಾಗುತ್ತದೆ ಅನ್ನಿಸುತ್ತದೆ, ಆಗುವುದು ತಿರುಗುಮುರುಗು. ಮಲಗಿದ್ದಾಗಲೇ ಅವರ ವಪೆಗೆ ಹಿಡಿತ ಹೆಚ್ಚು.

ಹಾಗಾಗಿ ನೀವು ಕಾಲರ್ ಮುಟ್ಟದೇ ಇದ್ದದ್ದು ಸರಿಯೇ. ಆದರೆ ಅಣ್ಣನ ಮಾತನ್ನು ಗಾಬರಿ ಅಂತ ತಳ್ಳಿಹಾಕಿದ್ದರೆ ಅದು ತಪ್ಪು. ಹಲಗೆ ಇರುವುದು ಸಾಗಿಸುವುದಕ್ಕೆ. ಆಸ್ಪತ್ರೆ ಸೇರಿದ ಮೇಲೂ ಗಂಟೆಗಟ್ಟಲೆ ಅದರ ಮೇಲೇ ಬಿಡುವುದು ಹಳೇ ಅಭ್ಯಾಸ, ನನಗಂತೂ ಒಪ್ಪಿಗೆಯಿಲ್ಲ. ಬೆನ್ನು ಮೊದಲೇ ಬಾಗಿರುವ ವೃದ್ಧರನ್ನು ಚಪ್ಪಟೆಯಾಗಿ ಮಲಗಿಸಿ ಕಾಲರ್‌ಗೆ ಒಗ್ಗಿಸಲು ಹೋದರಂತೂ ಹೊಸ ಗಾಯವೇ ಆದೀತು. ತಲೆ ಇದ್ದ ಭಂಗಿಯಲ್ಲೇ ಕೆಳಗೆ ಬಟ್ಟೆ ಮಡಚಿ ಆಧಾರ ಕೊಡಬೇಕು.

ಇಂಥ ಪರಿಸ್ಥಿತಿ ಮತ್ತೆ ಯಾರಿಗಾದರೂ ಬಂದರೆ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಲು ಆಗುತ್ತದೆ ಅಂತ ರೋಗಿಯನ್ನು ಕೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿ. "ಆಗ 20ರವರೆಗೆ ಎಣಿಸಿದರು, ಈಗ 8ಕ್ಕೇ ನಿಲ್ಲಿಸ್ತಾರೆ" ಅಂತ ಬಂದು ಹೇಳಿದರೆ, ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತೇವೆ.