‘ಕೂರ್ಗ್ ಹೋಂಸ್ಟೇ’ ಎಂಬ ಪದಗಳಿರುವ ಡೊಮೇನ್‌ಗೆ 25,000 ರೂಪಾಯಿ ಕೊಡಬಹುದೇ?

ಡೊಮೇನ್ ಹೆಸರಿನಲ್ಲೇ, ಅಂದರೆ ಜಾಲತಾಣದ ವಿಳಾಸದಲ್ಲೇ, ‘ಕೂರ್ಗ್’, ‘ಹೋಂಸ್ಟೇ’ ಎಂದಿದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆಯೇ, ಅಂಥ ಹೆಸರೊಂದಕ್ಕೆ ದಲ್ಲಾಳಿ ಹೇಳುತ್ತಿರುವ 25,000 ರೂಪಾಯಿ ಕೊಡಬಹುದೇ ಎಂದು ಕೇಳಿದ್ದೀರಿ. ಕೊಡಬೇಡಿ. 2013ರಲ್ಲಿ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಜಾಲತಾಣ ಮಾಡಿಕೊಡುವ ಹುಡುಗನೊಬ್ಬನ ಬಳಿ ಹೋದವನು ನಾನು.

ಮಾದಾಪುರದ ಬಳಿ ನಮ್ಮ ಕಾಫಿ ತೋಟದ ಮನೆಯಲ್ಲಿ ಮೂರು ಕೋಣೆಗಳನ್ನು ಆಗಷ್ಟೇ ಅತಿಥಿಗಳಿಗೆಂದು ಸಜ್ಜುಗೊಳಿಸಿದ್ದೆವು. ಜನ ಹುಡುಕುವ ಪದಗಳೇ ಹೆಸರಿನಲ್ಲಿ ಇರಬೇಕೆಂದು ಹೇಳಿ ಆ ಹುಡುಗ ‘ಬೆಸ್ಟ್’, ‘ಕೂರ್ಗ್’, ‘ಹೋಂಸ್ಟೇ’, ‘ಮಡಿಕೇರಿ’ ಎಂಬ ನಾಲ್ಕು ಪದಗಳ ನಡುವೆ ಮೂರು ಅಡ್ಡಗೆರೆ ಎಳೆದು ಒಂದು ಡಾಟ್ ಕಾಮ್ ಹೆಸರು ಕೊಡಿಸಿದ. ನಮ್ಮ ಮನೆ ಇರುವುದು ಮಡಿಕೇರಿಯಲ್ಲಲ್ಲ, ಸೋಮವಾರಪೇಟೆಗೆ ಹೋಗುವ ರಸ್ತೆಯಲ್ಲಿ. ಅದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಸ್ತೆಯ ತಿರುವಿನಲ್ಲಿ ನಿಲ್ಲಿಸಲು ತಗಡಿನ ಫಲಕ ಬರೆಸಿದಾಗ ಅಕ್ಷರಗಳು ಹಿಡಿಸದೆ ಪೇಂಟರ್ ಅಡ್ಡಗೆರೆಗಳನ್ನೇ ಬಿಟ್ಟುಬಿಟ್ಟಿದ್ದ. ಫೋನಿನಲ್ಲಿ ವಿಳಾಸ ಕೇಳಿದವರಿಗೆ ‘ಬೆಸ್ಟ್, ಆಮೇಲೆ ಒಂದು ಗೆರೆ’ ಎಂದರೆ, ‘ಗೆರೆ ಮಧ್ಯದಲ್ಲೋ ಕೆಳಗೋ?’ ಎಂಬ ಪ್ರಶ್ನೆ ತಪ್ಪದೆ ಬರುತ್ತಿತ್ತು.

ಆದರೂ ಒಂದೇ ವರ್ಷದಲ್ಲಿ ನಾವು ಗೂಗಲ್‌ನ ಮೊದಲ ಪುಟಕ್ಕೆ ಬಂದೆವು. ಹೆಸರಿನ ಮಹಿಮೆಯೆಂದೇ ನಾನು ನಂಬಿದೆ. ಹಾಗೆ ನಂಬಲು ಕಾರಣವಿರಲಿಲ್ಲ ಎಂಬುದು ಈಗ ಗೊತ್ತಿದೆ. ಹುಡುಕುವ ಪದವನ್ನೇ ಹೆಸರಾಗಿ ಇಟ್ಟುಕೊಂಡು ಒಳಗೆ ಏನೂ ಇಲ್ಲದ ತಾಣಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್‌ನ ಮ್ಯಾಟ್ ಕಟ್ಸ್ 2012ರ ಸೆಪ್ಟೆಂಬರ್‌ನಲ್ಲಿಯೇ ಪ್ರಕಟಿಸಿದ್ದರು. ಅಂದರೆ ನಾನು ಹೆಸರು ಕೊಳ್ಳುವ ಮೊದಲೇ ಆ ಕಾಲ ಮುಗಿದಿತ್ತು. ನಮ್ಮನ್ನು ಮೇಲಕ್ಕೆ ತಂದದ್ದು ಬೇರೆಯೇ ಸಂಗತಿ. ನನ್ನ ಹೆಂಡತಿ ಕಾಫಿ ಕೊಯ್ಲು ಯಾವಾಗ, ಜಿಗಣೆ ಯಾವ ತಿಂಗಳಲ್ಲಿ, ಬಸ್ಸಿನಲ್ಲಿ ಬರುವವರು ಎಲ್ಲಿ ಇಳಿಯಬೇಕು ಎಂಬುದನ್ನೆಲ್ಲ ತಾಳ್ಮೆಯಿಂದ ಬರೆದಿದ್ದಳು, ಮತ್ತು ಬಂದು ಹೋದ ಅತಿಥಿಗಳಲ್ಲಿ ಹಲವರು ತಮ್ಮ ಪ್ರವಾಸದ ಬರಹಗಳಲ್ಲಿ ನಮ್ಮ ತಾಣಕ್ಕೆ ಕೊಂಡಿ ಕೊಟ್ಟಿದ್ದರು.

ಗೆರೆಗಳ ಕಾಟ ತಾಳಲಾರದೆ 2018ರ ಜೂನ್‌ನಲ್ಲಿ ನಾವು ಮನೆಯ ಹೆಸರನ್ನೇ ಡೊಮೇನ್ ಆಗಿ ಕೊಂಡೆವು. ಅದರಲ್ಲಿ ಕೂರ್ಗೂ ಇಲ್ಲ, ಹೋಂಸ್ಟೇಯೂ ಇಲ್ಲ. ಹಳೆಯ ಪ್ರತಿಯೊಂದು ಪುಟದಿಂದ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೆ 301 ರೀಡೈರೆಕ್ಟ್ ಹಾಕಿಸಿದೆವು. ಈ ತಾಣ ಶಾಶ್ವತವಾಗಿ ಅಲ್ಲಿಗೆ ಹೋಗಿದೆ ಎಂದು ಬ್ರೌಸರ್‌ಗೂ ಗೂಗಲ್‌ಗೂ ತಿಳಿಸುವ ಕ್ರಮ ಅದು. ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ವಿಳಾಸ ಬದಲಾವಣೆಯನ್ನೂ ದಾಖಲಿಸಿದೆವು. ಕೆಲವು ವಾರ ಸ್ಥಾನ ಅತ್ತಿತ್ತ ಓಲಾಡಿ, ಮತ್ತೆ ಮೊದಲಿದ್ದಲ್ಲಿಗೇ ಬಂದು ನಿಂತಿತು.

ಆ ಆಗಸ್ಟ್‌ನಲ್ಲಿ ಏನಾಯಿತೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಗುಡ್ಡ ಕುಸಿದ ಮೇಲೆ ತಿಂಗಳುಗಟ್ಟಲೆ ಅತಿಥಿಗಳು ಬರಲಿಲ್ಲ. 2019ರ ಫೆಬ್ರುವರಿಯಲ್ಲಿ ಹಳೆಯ ಡೊಮೇನ್ ನವೀಕರಿಸಿ ಎಂಬ ಇಮೇಲ್ ಬಂತು, ಸುಮಾರು 900 ರೂಪಾಯಿ. ಕಣದಲ್ಲಿ ಕಾಫಿ ಹರಡಿಸುತ್ತಾ ನಿಂತೇ ಅದನ್ನು ಓದಿದೆ. ಎಲ್ಲವೂ ಹೊಸ ಹೆಸರಿಗೆ ಹೋಗಿಯಾಯಿತಲ್ಲ, ಸತ್ತ ಹೆಸರಿಗೆ ಯಾಕೆ ಕಾಸು ಎಂದುಕೊಂಡು ಅಳಿಸಿಬಿಟ್ಟೆ. ಮತ್ತೆ ಎರಡು ಸಲ ಬಂತು, ಎರಡು ಸಲವೂ ಅಳಿಸಿದೆ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದೊಂದನ್ನು ಅರ್ಥ ಮಾಡಿಕೊಳ್ಳದೆ ನಾನು ಕೆಟ್ಟೆ. ರೀಡೈರೆಕ್ಟ್ ಎಂಬುದು ಗೂಗಲ್‌ನ ಒಳಗೆ ಒಮ್ಮೆ ಬರೆಸಿಟ್ಟರೆ ಮುಗಿಯುವ ಖಾತೆ ಬದಲಾವಣೆಯಲ್ಲ. ಅದು ಹಳೆಯ ಹೆಸರಿನ ಮೇಲೆ ಕುಳಿತಿರುತ್ತದೆ. ಯಾರಾದರೂ ಹಳೆಯ ವಿಳಾಸವನ್ನು ತಟ್ಟಿದಾಗಲೆಲ್ಲ ಅಲ್ಲಿಂದಲೇ ಉತ್ತರ ಬರಬೇಕು. ಹೆಸರು ಕೈತಪ್ಪಿದರೆ ಉತ್ತರ ಹೇಳುವವರೇ ಇರುವುದಿಲ್ಲ. ಅತಿಥಿಗಳು ಐದು ವರ್ಷಗಳಲ್ಲಿ ಕೊಟ್ಟಿದ್ದ ಕೊಂಡಿಗಳೆಲ್ಲ ಹಳೆಯ ಹೆಸರಿಗೇ ಇದ್ದವು, ಅವನ್ನು ಯಾರೂ ತಿದ್ದಲಿಲ್ಲ, ತಿದ್ದುವುದೂ ಇಲ್ಲ. ರೀಡೈರೆಕ್ಟ್ ಅನ್ನು ಸಾಧ್ಯವಾದಷ್ಟು ಕಾಲ, ಕನಿಷ್ಠ ಒಂದು ವರ್ಷವಾದರೂ ಉಳಿಸಿ ಎಂದು ಗೂಗಲ್ ಹೇಳುತ್ತದೆ. ನಾನು ಎಂಟೇ ತಿಂಗಳಿಗೆ ಕೈಬಿಟ್ಟೆ. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಹೋಗಿಬಿಡುವುದೂ ಇಲ್ಲ. ಮಾರಿದ ಕಂಪನಿ ಸಾಮಾನ್ಯವಾಗಿ ಕೆಲವು ದಿನ ಅವಕಾಶ ಕೊಡುತ್ತದೆ, ಅದು ಹೆಸರನ್ನು ಅಳಿಸಿದ ಮೇಲೂ 30 ದಿನ ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬಹುದು, ಅದಾದ ಮೇಲಿನ ಕೊನೆಯ ಐದು ದಿನಗಳಲ್ಲಿ ಮಾತ್ರ ಏನೂ ಮಾಡಲಾಗದು. ಅಷ್ಟೂ ದಿನ ನಾನು ಮೆಣಸು ಕೊಯ್ಯಿಸುವುದರಲ್ಲಿ ಮುಳುಗಿದ್ದೆ.

ಮೇ ತಿಂಗಳಲ್ಲಿ ಮೈಸೂರಿನಿಂದ ಹಳೆಯ ಅತಿಥಿಯೊಬ್ಬರು ಫೋನ್ ಮಾಡಿ, ‘ಏನ್ ಸಾರ್, ಹೋಂಸ್ಟೇ ಬಿಟ್ಟು ರಮ್ಮಿ ಆಡಿಸ್ತಿದ್ದೀರಾ?’ ಎಂದರು. ನಮ್ಮ ಹಳೆಯ ಹೆಸರನ್ನು ಯಾರೋ ಕೊಂಡು ಇಸ್ಪೀಟಿನ ತಾಣಕ್ಕೆ ತಗುಲಿಸಿದ್ದರು. ಅಷ್ಟರಲ್ಲಿ ಹೊಸ ತಾಣ ಮೊದಲ ಪುಟದಿಂದ ಕಣ್ಮರೆಯಾಗಿತ್ತು. ಮರಳಿ ಕೊಡಲು ಅವರು ಕೇಳಿದ್ದು ಒಂದು ಲಕ್ಷಕ್ಕೂ ಮೇಲೆ. ಕೊಡಲಿಲ್ಲ. ತಿರುವಿನ ತಗಡನ್ನು ಕಿತ್ತು ತಂದೆ. ಈಗ ಅದು ಸೌದೆ ರಾಶಿಯ ಮೇಲೆ ಮಳೆಗೆ ಮರೆಯಾಗಿದೆ.

ನಿಮ್ಮ ಪ್ರಶ್ನೆಗೆ ಉತ್ತರ ಈ ಕಥೆಯಲ್ಲೇ ಇದೆ. ಹೆಸರಿನಿಂದ ‘ಕೂರ್ಗ್ ಹೋಂಸ್ಟೇ’ ತೆಗೆದುಹಾಕಿದಾಗ ನಮ್ಮ ಸ್ಥಾನ ಕೆಲವು ವಾರ ಓಲಾಡಿದರೂ ಇಳಿಯಲಿಲ್ಲ. ಹಳೆಯ ಹೆಸರು ಕೈಬಿಟ್ಟಾಗ ಕುಸಿಯಿತು. ಡೊಮೇನ್‌ನಲ್ಲಿರುವ ಪದಗಳಿಂದ ಹೆಚ್ಚೇನೂ ಆಗದೆಂದು ಗೂಗಲ್‌ನ ಮಾರ್ಗದರ್ಶಿಯೂ ಹೇಳುತ್ತದೆ. ಆದ್ದರಿಂದ ಯಾವ ಹೆಸರು ಮೇಲೆ ತರುತ್ತದೆ ಎಂದು ಕೇಳುವುದೇ ತಪ್ಪು; ಯಾವ ಹೆಸರನ್ನು ನೀವು ಇಪ್ಪತ್ತು ವರ್ಷ ಬದಲಿಸದೆ ಇಟ್ಟುಕೊಳ್ಳಬಲ್ಲಿರಿ ಎಂದು ಕೇಳಿಕೊಳ್ಳಿ. ಹೊರಗಿನವರು ‘ಕೂರ್ಗ್’ ಎಂದೇ ಹುಡುಕುತ್ತಾರೆ, ನಿಜ. ಅದನ್ನು ಪುಟದ ಶೀರ್ಷಿಕೆಯಲ್ಲಿಯೂ ಬರಹದಲ್ಲಿಯೂ ಬರೆಯಿರಿ. ಗೂಗಲ್ ನಕ್ಷೆಯ ಪ್ರೊಫೈಲ್‌ಗೆ ಮಾತ್ರ ಫಲಕದಲ್ಲಿರುವ ನಿಜವಾದ ಹೆಸರನ್ನೇ ಕೊಡಿ. ಅಲ್ಲಿ ಪದ ತುರುಕಿದರೆ ಪ್ರೊಫೈಲನ್ನೇ ಅಮಾನತು ಮಾಡಬಹುದು. ಡಾಟ್ ಇನ್ ಆದರೆ ಭಾರತದ ತಾಣವೆಂದು ಗೂಗಲ್ ತಿಳಿಯುತ್ತದೆ, ಹೋಂಸ್ಟೇಗೆ ಅದು ಧಾರಾಳ ಸಾಕು. ಡಾಟ್ ಕಾಫಿ ಎಂಬ ಕೊನೆಯೂ ಸಿಗುತ್ತದೆ. ಚಂದವೆನಿಸಿದರೆ ಕೊಳ್ಳಿ, ಕಾಫಿ ಎಂದಿದೆ ಎಂಬ ಕಾರಣಕ್ಕೆ ಗೂಗಲ್ ಮೇಲೆ ಕೂರಿಸುವುದಿಲ್ಲ.

ದಲ್ಲಾಳಿ ತೋರಿಸುತ್ತಿರುವ ಹೆಸರು ಹಿಂದೆ ಯಾರ ಕೈಯಲ್ಲಿತ್ತೆಂದು, ಜಾಲತಾಣಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ನೋಡಿ. ನನ್ನದರಂತೆ ರಮ್ಮಿ ಆಡಿ ಬಂದದ್ದೂ ಇರಬಹುದು. ಹೊಸ ಹೆಸರನ್ನು ತಾಣ ಮಾಡಿಕೊಡುವವರ ಖಾತೆಯಲ್ಲಿ ಬಿಡದೆ ನಿಮ್ಮ ಇಮೇಲ್‌ನಲ್ಲಿಯೇ ನೋಂದಾಯಿಸಿ, ನವೀಕರಣ ತಾನಾಗಿ ಆಗುವಂತೆ ಇಡಿ. ಕೊಳ್ಳುವ ಮೊದಲು ಬೆಂಗಳೂರಿನಲ್ಲಿರುವ ಯಾರಾದರೂ ನೆಂಟರಿಗೆ ಫೋನ್ ಮಾಡಿ ಆ ಹೆಸರನ್ನು ಒಂದೇ ಸಲ ಹೇಳಿ, ಟೈಪ್ ಮಾಡಿ ಕಳಿಸಲು ಕೇಳಿ. ತಪ್ಪಿಲ್ಲದೆ ಬಂದರೆ ಅದನ್ನೇ ಕೊಳ್ಳಿ.