ಕಥಾಸಾರಾಂಶ ಬಿಟ್ಟು ವಿಶ್ಲೇಷಣೆ ಬರೆಯುವುದು ಹೇಗೆ?

ಕಥೆ, ಕವಿತೆ ಓದಿದರೆ ಇಷ್ಟವಾಗುತ್ತದೆ, ಆದರೆ ವಿಶ್ಲೇಷಣೆ ಬರೆಯಲು ಕೂತರೆ ಬರೀ ಸಾರಾಂಶವೇ ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸಾರಾಂಶ ಸರಿಯಾಗಿ ಬರುತ್ತಿದ್ದರೆ ಅರ್ಧ ಕೆಲಸ ಆಗಿದೆ ಅಂತಲೇ ಲೆಕ್ಕ. ಅದು ‘ಏನಾಯಿತು’ ಅನ್ನುವುದಕ್ಕೆ ಉತ್ತರ. ಇನ್ನು ಮುಂದೆ ಕೇಳಬೇಕಾದದ್ದು, ‘ಇದನ್ನು ಹೀಗೇ ಯಾಕೆ ಹೇಳಿದರು’ ಅಂತ.

ಉದಾಹರಣೆಗೆ ನಾನೇ ಒಂದು ವಾಕ್ಯ ಕಟ್ಟುತ್ತೇನೆ: “ಅಪ್ಪನನ್ನು ಮಣ್ಣು ಮಾಡಿ ಬಂದ ಮಗ ಮೊದಲು ಗೋಡೆ ಗಡಿಯಾರಕ್ಕೆ ಕೀ ಕೊಟ್ಟ.”

ಮಗ ಅತ್ತ ಅಂತ ಇಲ್ಲಿಲ್ಲ, ಅಳಲಿಲ್ಲ ಅಂತಲೂ ಇಲ್ಲ. ಕೀ ಕೊಡುವುದು ಇಷ್ಟು ದಿನ ಅಪ್ಪನ ಕೆಲಸವಾಗಿತ್ತಾ? ಹಾಗಿದ್ದರೆ ಮಗ ಅಪ್ಪನ ಜಾಗಕ್ಕೆ ಬಂದಿದ್ದಾನೆ. ಅಥವಾ ಅವನಿಗೆ ಏನೂ ಅನ್ನಿಸಿಲ್ಲವಾ? ಎರಡೂ ಸಾಧ್ಯ. ಯಾವುದು ಅಂತ ತೀರ್ಮಾನಿಸಲು ಕಥೆಯ ಉಳಿದ ಭಾಗಕ್ಕೆ ಹೋಗಬೇಕು. ಗಡಿಯಾರ ಹಿಂದೆ ಎಲ್ಲಾದರೂ ಬಂದಿತ್ತಾ, ಯಾರ ಕೈಯಲ್ಲಿ? ಈ ಹುಡುಕಾಟವೇ ವಿಶ್ಲೇಷಣೆ.

ಈಗ ‘ಮಗ ಕೀ ಕೊಟ್ಟ’ ಅನ್ನುವುದನ್ನು ‘ನಾನು ಕೀ ಕೊಟ್ಟೆ’ ಅಂತ ಬದಲಿಸಿ ನೋಡಿ. ಹೇಳುತ್ತಿರುವವನೇ ಮಗ ಆದ ಕೂಡಲೇ, ಇವನು ದುಃಖ ಮುಚ್ಚಿಡುತ್ತಿದ್ದಾನಾ ಅಂತ ಅನುಮಾನ ಶುರುವಾಗುತ್ತದೆ. ನಿಮಗೆ ಕೊಟ್ಟ ಕಥೆಯಲ್ಲೂ ಹೀಗೆ ಒಂದನ್ನು ಬದಲಿಸಿ. ನಿರೂಪಕ, ಘಟನೆಗಳ ಕ್ರಮ, ಕೊನೆಯ ಪ್ಯಾರಾ, ಯಾವುದಾದರೂ ಸರಿ. ಬದಲಿಸಿದಾಗ ಏನು ಕಳೆದುಹೋಯಿತೋ ಅದರ ಬಗ್ಗೆ ಬರೆಯಿರಿ. ನನಗೆ ಗೊತ್ತಿರುವ ಉಪಾಯಗಳಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ.

ಸಿದ್ಧಾಂತ ಮೊದಲೇ ಓದಬೇಕಾ? ನನ್ನ ಪ್ರಕಾರ ಬೇಡ. ಹೇಳದೇ ಉಳಿದದ್ದು ಹೇಗೆ ಅರ್ಥ ಕೊಡುತ್ತದೆ ಅಂತ ಒಂಬತ್ತನೇ ಶತಮಾನದಲ್ಲೇ ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನಿ’ಯ ಹೆಸರಿನಲ್ಲಿ ವಿವರಿಸಿದ್ದಾನೆ. ಆದರೆ ಗಡಿಯಾರದಂಥ ವಾಕ್ಯ ನಿಮ್ಮನ್ನು ಒಮ್ಮೆ ಕಾಡಿದ ಮೇಲೆ ಅವನನ್ನು ಓದಿದರೇ ರುಚಿ. ಅದಕ್ಕೂ ಮೊದಲು ಓದಿದರೆ ಸುಮ್ನೆ ಪಾರಿಭಾಷಿಕ ಪದ ಉದುರಿಸುವ ಚಟ ಹತ್ತುತ್ತದೆ. ಕತ್ತಲೆ ಬಂದ ಕಡೆಯೆಲ್ಲ ಸಾವು, ಮಳೆ ಬಂದ ಕಡೆಯೆಲ್ಲ ಹೊಸ ಬದುಕು ಅಂತ ಸಂಕೇತ ಹುಡುಕುವುದೂ ಅಂಥದ್ದೇ. ಕೆಲವು ಸಲ ಮಳೆ ಬರೀ ಮಳೆ!

ಲೇಖಕರ ಹೆಸರಿಗೂ ಮಣಿಯಬೇಡಿ. ಕೇಂಬ್ರಿಡ್ಜ್‌ನಲ್ಲಿ ಪಾಠ ಮಾಡುತ್ತಿದ್ದ ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕವಿಗಳ ಹೆಸರು ತೆಗೆದು ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಕೊಟ್ಟು, ಅನ್ನಿಸಿದ್ದು ಬರೆಯಿರಿ ಅಂದಿದ್ದರು. ಹೆಸರಿಲ್ಲದಾಗ ಪ್ರಸಿದ್ಧ ಕವಿಗಳನ್ನೂ ಅನೇಕರು ತಳ್ಳಿಹಾಕಿದರು. ಆ ಬರಹಗಳನ್ನು ಬಿಡಿಸಿ ನೋಡಿದ ಪುಸ್ತಕ 1929ರಲ್ಲಿ ಬಂತು. ನೀವೂ ಗೆಳೆಯರ ಕೈಯಲ್ಲಿ ಹೀಗೆ ಹೆಸರು ಮುಚ್ಚಿಸಿ ಓದಬಹುದು.

ಬರೆಯುವಾಗ ಯಾರಾದರೂ ‘ಇಲ್ಲ’ ಅನ್ನಬಹುದಾದ ಮಾತನ್ನೇ ಆರಿಸಿಕೊಳ್ಳಿ. ‘ಈ ಕಥೆಯಲ್ಲಿ ದುಃಖವಿದೆ’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ, ಅಲ್ವಾ? ‘ಮಗ ದುಃಖಪಡುವ ಬದಲು ಅಧಿಕಾರ ವಹಿಸಿಕೊಳ್ಳುತ್ತಾನೆ’ ಅಂದರೆ ಬರುತ್ತಾರೆ. ಆಗ ನೀವು ಕಥೆಯಿಂದಲೇ ಸಾಲು ಎತ್ತಿ ತೋರಿಸಬೇಕಾಗುತ್ತದೆ. ಶುರುವಿಗೆ ನಾಲ್ಕೈದು ಪುಟದ ಕಥೆ ಸಾಕು, ಕಾದಂಬರಿಗೆ ಕೈ ಹಾಕಬೇಡಿ. ವಿಮರ್ಶಕರ ಲೇಖನಗಳನ್ನು ನಿಮ್ಮ ಒಂದು ಪ್ಯಾರಾ ಬರೆದಾದ ಮೇಲೆ ಓದಿ. ಅವರ ತೀರ್ಮಾನಕ್ಕಿಂತ, ಯಾವ ಸಾಲನ್ನು ಎತ್ತಿಕೊಂಡು ಅಲ್ಲಿಗೆ ಬಂದರು ಅನ್ನುವುದನ್ನು ಗಮನಿಸಿ.