ಇಂಪ್ಲಾಂಟ್‌ಗೆ ಬಾಯಲ್ಲೇ ಸ್ಕ್ಯಾನ್ ಮಾಡಿದರೆ ಅಳತೆ ಸರಿ ಬರುತ್ತಾ?

ನಿಮ್ಮ ತಾಯಿಗೆ ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲ, ನಾಲ್ಕು ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಎಲುಬಿನೊಳಗೆ ಹಾಕುವ ತುಂಡು) ಕೂರಿಸಿದ್ದಾರೆ. ಈಗ ಅವುಗಳ ಮೇಲೆ ಕಟ್ಟುವ ಹಲ್ಲಿನ ಅಳತೆಗೆ, ಟ್ರೇಯಲ್ಲಿ ಪೇಸ್ಟ್ ಹಾಕಿ ಅಚ್ಚು ತೆಗೆಯುವ ಬದಲು ಸ್ಕ್ಯಾನ್ ಮಾಡುತ್ತೇವೆ ಅಂದಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ನಾನು ಹಲ್ಲು ಕಟ್ಟುವ ಡಾಕ್ಟರ್. ಎರಡೂ ರೀತಿ ಅಳತೆ ತೆಗೆಯುತ್ತೇನೆ.

ಒಂದೇ ಇಂಪ್ಲಾಂಟ್, ಅಥವಾ ಅಕ್ಕಪಕ್ಕ ಎರಡು ಇದ್ದಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಿ ಅನ್ನುತ್ತಿದ್ದೆ. ಅಲ್ಲಿ ಸ್ಕ್ಯಾನ್ ಯಾವ ಅಚ್ಚಿಗೂ ಕಡಿಮೆಯಿಲ್ಲ. ಓಕರಿಕೆಯ ಕಾಟವೂ ತುಂಬಾ ಕಡಿಮೆ. ಪೂರ್ತಿ ದವಡೆಯ ವಿಷಯ ಬೇರೆ.

ಸ್ಕ್ಯಾನರ್ ತುದಿಯ ಕ್ಯಾಮೆರಾಗೆ ಒಂದು ಸಲಕ್ಕೆ ಕಾಣುವುದು ಒಂದೆರಡು ಹಲ್ಲಿನಷ್ಟು ಜಾಗ ಮಾತ್ರ. ಆ ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ ಸಾಫ್ಟ್‌ವೇರ್ ದವಡೆ ಕಟ್ಟುತ್ತದೆ. ರಂಗೋಲಿಯ ಚುಕ್ಕಿ ಇಡುವಾಗ ಪ್ರತಿ ಚುಕ್ಕಿಯನ್ನೂ ಅದರ ಹಿಂದಿನದನ್ನಷ್ಟೇ ನೋಡಿ ಇಟ್ಟರೆ ಕೊನೆಗೆ ಸಾಲು ಓರೆಯಾಗುತ್ತೆ ಅಲ್ವಾ, ಹಾಗೆ. ಹಲ್ಲಿದ್ದರೆ ಗುರುತಿಗೆ ಉಬ್ಬುತಗ್ಗು ಸಿಗುತ್ತವೆ. ಬೋಳು ವಸಡು ನುಣ್ಣಗಿರುತ್ತದೆ, ಒದ್ದೆ ಬೇರೆ, ನಾಲಿಗೆ ಕೆನ್ನೆ ಸರಿದಾಗೆಲ್ಲ ಅಲುಗುತ್ತದೆ. ಕೆಳದವಡೆಯಲ್ಲಂತೂ ಒರೆಸಿದಷ್ಟೂ ಜೊಲ್ಲು ತುಂಬುತ್ತದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ತೆಳು ಪದರ ಇರುತ್ತದೆ. ಒತ್ತಿದರೆ 25ರಿಂದ 100 ಮೈಕ್ರಾನ್‌ವರೆಗೂ ಅಲುಗುತ್ತದೆ. (ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್.) ಇಂಪ್ಲಾಂಟ್ ನೇರವಾಗಿ ಎಲುಬನ್ನೇ ಕಚ್ಚಿಕೊಂಡಿರುತ್ತದೆ, 10 ಮೈಕ್ರಾನ್‌ನಷ್ಟು ಅಲುಗಿದರೆ ಹೆಚ್ಚು. ಅಳತೆಯ ತಪ್ಪನ್ನು ಅದು ಸಹಿಸಿಕೊಳ್ಳುವುದಿಲ್ಲ. ಭಾರವೆಲ್ಲ ಹಲ್ಲಿನ ಚೌಕಟ್ಟನ್ನು ಇಂಪ್ಲಾಂಟ್‌ಗೆ ಬಿಗಿಯುವ ಸ್ಕ್ರೂ ಮೇಲೆ ಬೀಳುತ್ತದೆ, ಸ್ಕ್ರೂ ಪದೇ ಪದೇ ಸಡಿಲವಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ನನ್ನ ಕೈಯಲ್ಲೇ ಒಮ್ಮೆ ಹೀಗಾಯಿತು. ಬರೀ ಸ್ಕ್ಯಾನ್ ನಂಬಿ ಇಡೀ ದವಡೆಯ ಲೋಹದ ಚೌಕಟ್ಟು ಮಾಡಿಸಿದ್ದೆ. ಲ್ಯಾಬ್‌ನಿಂದ ಬಂದ ಮಾಡೆಲ್ ಮೇಲೆ ಚೆನ್ನಾಗಿ ಕೂತಿತ್ತು. ಬಾಯಲ್ಲಿಟ್ಟು ಬಲಗಡೆ ಕೊನೆಯ ಸ್ಕ್ರೂ ಬಿಗಿದೆ. ಎಡಗಡೆ ತುದಿ ಮೆಲ್ಲಗೆ ಮೇಲೆದ್ದಿತು. ಬೆರಳಿಂದ ಒತ್ತಿದರೆ ಕೂರುತ್ತಿತ್ತು, ಬಿಟ್ಟರೆ ಮತ್ತೆ ಏಳುತ್ತಿತ್ತು. ಎಲ್ಲಾ ಸ್ಕ್ರೂ ಒತ್ತಾಯದಿಂದ ಬಿಗಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಅಜ್ಜಿ ಆರು ತಿಂಗಳಿಂದ ರೊಟ್ಟಿ ತಿನ್ನೋಕೆ ಕಾಯುತ್ತಿದ್ದರು, ಅವರಿಗೆ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ. ಮತ್ತೆ ಟ್ರೇ ಹಿಡಿದು ಹೊಸದಾಗಿ ಅಳತೆ ತೆಗೆದೆ.

ಅಂದಿನಿಂದ ಪೂರ್ತಿ ದವಡೆಗೆ ಸ್ಕ್ಯಾನ್ ಮಾಡಿದರೂ ಜಿಗ್ ಇಲ್ಲದೆ ಮುಂದೆ ಹೋಗುವುದಿಲ್ಲ. ಇಂಪ್ಲಾಂಟ್‌ಗಳ ಮೇಲಿನ ತುಂಡುಗಳನ್ನು ಬಾಯಲ್ಲೇ ರೆಸಿನ್‌ನಿಂದ (ಗಟ್ಟಿಯಾಗುವ ಪ್ಲಾಸ್ಟಿಕ್) ಒಂದಕ್ಕೊಂದು ಜೋಡಿಸಿದರೆ ಅದೇ ಜಿಗ್. ಅದು ಲ್ಯಾಬ್‌ನ ಮಾಡೆಲ್ ಮೇಲೆ ಸರಿಯಾಗಿ ಕೂರುತ್ತದಾ ಅಂತ ನೋಡುತ್ತೇವೆ. ಕೂರದಿದ್ದರೆ ಮಾಡೆಲ್ ತಪ್ಪು. ಹೀಗೆ ಜೋಡಿಸಿಕೊಂಡೇ ತೆಗೆಯುವ ಓಪನ್ ಟ್ರೇ (ಮೇಲ್ಭಾಗದಲ್ಲಿ ಕಿಂಡಿಯಿರುವ ಟ್ರೇ) ಅಚ್ಚು ಹಳೆಯದಾದರೂ ಇವತ್ತಿಗೂ ಗಟ್ಟಿ. ಫೋಟೋಗ್ರಾಮೆಟ್ರಿ ಇರುವ ಕ್ಲಿನಿಕ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಕ್ಯಾಮೆರಾ ಬಾಯಿಯ ಹೊರಗಿದ್ದು ಹಲವು ಗುರುತುಗಳನ್ನು ಒಟ್ಟಿಗೆ ನೋಡುತ್ತದೆ, ಹಾಗಾಗಿ ಚಿಕ್ಕ ಚಿಕ್ಕ ಚಿತ್ರ ಹೊಲಿಯುವ ತಾಪತ್ರಯ ಇಲ್ಲ. ವಸಡನ್ನು ಮಾತ್ರ ಬೇರೆಯಾಗಿ ಸ್ಕ್ಯಾನ್ ಮಾಡಬೇಕು.

ಹಾಗಾಗಿ ಸ್ಕ್ಯಾನ್ ಬೇಡ ಅಂತ ಜಗಳ ತೆಗೆಯಬೇಡಿ. ಜಿಗ್ ಮಾಡ್ತೀರಾ ಡಾಕ್ಟ್ರೇ ಅಂತ ಕೇಳಿ. ಟ್ರಯಲ್ ದಿನ ನೀವೂ ಅಮ್ಮನ ಜೊತೆ ಹೋಗಿ. ಒಂದು ಕಡೆ ಸ್ಕ್ರೂ ಬಿಗಿದು ಇನ್ನೊಂದು ತುದಿ ತೋರಿಸಲಿ. ವಸಡಿನ ಕೆಳಗಿರುವ ಸಂದು ಕಣ್ಣಿಗೆ ಕಾಣಲ್ಲ, ಅದಕ್ಕೊಂದು ಎಕ್ಸ್‌ರೇ ತೆಗೆಯಲಿ.